ಚಿತ್ರಮಂದಿರದ ಆರ್ಗನ್ ವಾದ್ಯ

ವಾದ್ಯಗಳಲ್ಲಿಯೂ ದೀರ್ಘಾಯುಗಳು, ಅಲ್ಪಾಯುಗಳು ಎಂಬ ಭೇದವುಂಟು. ವೀಣೆ, ಕೊಳಲು, ಮೃದಂಗಗಳು ಎಷ್ಟು ತಲೆಮಾರುಗಳನ್ನು ಕಂಡಿವೆ ಎಂದು ಎಣಿಸಿ ಹೇಳುವುದು ಕಷ್ಟ. ಮೂಕಚಿತ್ರಗಳ ಕಾಲದಲ್ಲಿ ಅಮೇರಿಕದ ಚಿತ್ರಮಂದಿರಗಳಿಗೆಂದೇ ಹುಟ್ಟಿದ ಥಿಯೇಟರ್ ಆರ್ಗನ್ ಎಂಬ ಮಹಾವಾದ್ಯವನ್ನು ಇವುಗಳ ಪಕ್ಕದಲ್ಲಿ ನಿಲ್ಲಿಸಿದರೆ ಅದರ ಪ್ರಾಯವು ಒಂದು ಗಳಿಗೆಯಷ್ಟೇ. ೧೯೧೦ರ ಸುಮಾರಿಗೆ ಅದು ರೂಪಗೊಂಡಿತು. ೧೯೨೭ರಲ್ಲಿ ವಾಕ್ಚಿತ್ರವು ತಲೆದೋರಿ ಕೆಲವೇ ವರ್ಷಗಳಲ್ಲಿ ಅದರ ಉದ್ಯೋಗವನ್ನು ಕಿತ್ತುಕೊಂಡಿತು. ಹೀಗಿದ್ದೂ, ನೂರು ವರ್ಷಗಳು ಸಮೀಪಿಸಿದ ಈ ಕಾಲದಲ್ಲಿಯೂ ಅದನ್ನು ಕೇಳುವುದಕ್ಕೆಂದು ಜನರು ಹಣ ಕೊಟ್ಟು ಕುಳಿತುಕೊಳ್ಳುವ ಸ್ಥಳಗಳು ಇವೆ. ಅದರ ನೆನಪನ್ನು ಮುದುಕರು ತಮ್ಮ ಮೊಮ್ಮಕ್ಕಳಿಗೆ ಕಣ್ಣರಳಿಸಿ ಹೇಳುವುದುಂಟು. ಮಾಡಬೇಕಾದ ಕೆಲಸವೇ ಇಲ್ಲದಂತಾದ ಮೇಲೆ ಒಂದು ವಾದ್ಯವು ಹೇಗೆ ಉಳಿಯಿತು, ಯಾರ ಕೈಗಳಿಂದ ಉಳಿಯಿತು ಎಂಬುದು ವಿಚಾರಿಸತಕ್ಕ ವಿಷಯವಾಗಿದೆ. ಅದಕ್ಕೆ ಮೊದಲು ಅದರ ರಚನೆಯನ್ನು ತಿಳಿಯುವುದು ಅವಶ್ಯ.

ಮಿಷನ್ ಶಾಲೆಗಳಲ್ಲಿ ಓದಿದ ಹೆಣ್ಣುಮಕ್ಕಳಿಗೆ ಹಾರ್ಮೋನಿಯಮ್ಮಿನ ಪರಿಚಯವು ಇದ್ದೇ ಇರುವುದು. ಕೈತಿದಿಯ ಪೆಟ್ಟಿಗೆಯನ್ನಾಗಲಿ, ಕಾಲಿನಿಂದ ತುಳಿದು ನುಡಿಸುವ ದೊಡ್ಡದನ್ನಾಗಲಿ ಅವರು ಕಂಡಿರುವರು. ಅದರಲ್ಲಿ ನಾದವನ್ನು ಹುಟ್ಟಿಸುವುದು ಹಿತ್ತಾಳೆಯ ತೆಳ್ಳನೆಯ ನಾಲಿಗೆ. ಗಾಳಿಯು ಅದನ್ನು ಹಾದುಹೋಗುವಾಗ ಅದು ಅದುರುತ್ತದೆ. ಅದುರಿದಾಗ ಸ್ವರವು ಕೇಳುತ್ತದೆ. ಕೊಳವೆಯ ಆರ್ಗನ್ನಿನಲ್ಲಿ ಪ್ರತಿಯೊಂದು ಸ್ವರಕ್ಕೂ ಒಂದೊಂದು ಪ್ರತ್ಯೇಕವಾದ ಕೊಳವೆಯಿರುವುದು. ಈ ಕೊಳವೆಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಜಾತಿಯವು ನಮ್ಮ ಕೊಳಲಿನಂತೆ. ಬಾಯಿಯ ಅಂಚಿಗೆ ಗಾಳಿಯು ತಾಕಿ ಒಳಗಿನ ವಾಯುಸ್ತಂಭವು ಕಂಪಿಸುವುದು. ಇನ್ನೊಂದು ಜಾತಿಯವು ನಾಗಸ್ವರದ ಬಳಗಕ್ಕೆ ಸೇರಿದವು. ಬುಡದಲ್ಲಿರುವ ನಾಲಿಗೆಯು ಮಿಡಿದು, ಮೇಲಿನ ಕೊಳವೆಯು ಆ ಧ್ವನಿಗೆ ಮೈಕೊಡುವುದು. ಕಹಳೆಯ ಗತ್ತು, ಕ್ಲಾರಿಯೊನೆಟ್ಟಿನ ಮಾಧುರ್ಯ, ಮನುಷ್ಯಕಂಠದ ಛಾಯೆ ಎಲ್ಲವೂ ಈ ಎರಡನೆಯ ಜಾತಿಯಿಂದ ಬರುವಂಥವು.

ಸ್ವರವು ತಗ್ಗಿದಷ್ಟೂ ಕೊಳವೆಯು ಉದ್ದವಾಗಬೇಕು. ಒಂದು ಸ್ಥಾಯಿ ಕೆಳಗಿಳಿದರೆ ಉದ್ದವು ಇಮ್ಮಡಿಯಾಗುವುದು. ಹೀಗೆ ೮ ಅಡಿಯ ತೆರೆದ ಕೊಳವೆಯ ಸ್ವರಕ್ಕಿಂತ ಒಂದು ಸ್ಥಾಯಿ ತಗ್ಗಿನ ಸ್ವರಕ್ಕೆ ೧೬ ಅಡಿಯ ಕೊಳವೆ ಬೇಕು. ಒಂದು ಮಹಡಿಗಿಂತ ಎತ್ತರವಾದ ಆ ಕೊಳವೆಯು ನುಡಿದಾಗ ಸ್ವರವನ್ನು ಕಿವಿಯಿಂದ ಕೇಳುವುದಕ್ಕಿಂತ ಹೆಚ್ಚಾಗಿ ಕುಳಿತ ಕುರ್ಚಿಯಿಂದಲೂ ಎದೆಯಿಂದಲೂ ಅನುಭವಿಸಬೇಕಾಗುವುದು. ಇನ್ನೊಂದು ತುದಿಯಲ್ಲಿ ಸೀಸದ ಕಡ್ಡಿಗಿಂತ ದೊಡ್ಡದಲ್ಲದ ಕೊಳವೆಗಳಿರುತ್ತವೆ. ಒಂದೇ ಬಗೆಯ ಧ್ವನಿಯುಳ್ಳ ಕೊಳವೆಗಳು ಗಿಡ್ಡದಿಂದ ಉದ್ದದವರೆಗೆ ಸಾಲಾಗಿ ನಿಂತರೆ ಅದಕ್ಕೆ ಪಂಕ್ತಿಯೆಂದು ಹೆಸರಿಡಬಹುದು. ಸ್ವರದ ಮನೆಗಳು ೬೧ ಇದ್ದಲ್ಲಿ ಪಂಕ್ತಿಯಲ್ಲಿ ೬೧ ಕೊಳವೆಗಳಿರಬೇಕು.

ದೇವಾಲಯಗಳ ಆರ್ಗನ್ನು ಈ ಪಂಕ್ತಿಗಳ ಮೇಲೆಯೇ ನಿಂತಿದೆ. ಬೆಂಗಳೂರಿನ ಸೇಂಟ್ ಆಂಡ್ರೂಸ್ ದೇವಾಲಯದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನಿಂದ ಬಂದ ಕೊಳವೆಯ ಆರ್ಗನ್ನನ್ನು ಕಂಡವರು ಈ ಮಾತನ್ನು ಬೇಗನೆ ಗ್ರಹಿಸುವರು. ಅಂಥ ವಾದ್ಯದಲ್ಲಿ ಒಂದೊಂದು ಧ್ವನಿಗೂ ಒಂದೊಂದು ಪಂಕ್ತಿ. ಮೇಲಿನ ಸ್ಥಾಯಿಯಲ್ಲಿ ಅದೇ ಧ್ವನಿ ಬೇಕಾದರೆ ಮತ್ತೊಂದು ಪಂಕ್ತಿ. ಆದಕಾರಣ ದೊಡ್ಡ ದೇವಾಲಯಗಳಲ್ಲಿ ಕೊಳವೆಗಳ ಅರಣ್ಯವೇ ಬೆಳೆದಿರುವುದು. ಚಿತ್ರಮಂದಿರದ ಯಜಮಾನನಿಗೆ ಅಷ್ಟು ಸ್ಥಳವೂ ಇರಲಿಲ್ಲ, ಅಷ್ಟು ತಾಳ್ಮೆಯೂ ಇರಲಿಲ್ಲ. ಅವನ ಕೊರತೆಯನ್ನು ನೀಗಿದ ಮನುಷ್ಯನು ವಾದ್ಯ ಮಾಡುವವರ ಕುಲದವನಲ್ಲ, ಟೆಲಿಫೋನ್ ಇಂಜಿನಿಯರ್ ಎಂಬುದು ಸೋಜಿಗದ ಸಂಗತಿ.

ರಾಬರ್ಟ್ ಹೋಪ್-ಜೋನ್ಸ್ ಎಂಬ ಇವರು ೧೮೫೯ರಲ್ಲಿ ಇಂಗ್ಲೆಂಡಿನ ಚೆಷೈರ್ ಪ್ರಾಂತದಲ್ಲಿ ಜನಿಸಿದರು. ಹಗಲು ಟೆಲಿಫೋನ್ ಕಂಪೆನಿಯ ಕೆಲಸ; ಬಿಡುವಿನಲ್ಲಿ ಬರ್ಕೆನ್‌ಹೆಡ್ ಪಟ್ಟಣದ ಸೇಂಟ್ ಜಾನ್ಸ್ ದೇವಾಲಯದಲ್ಲಿ ಆರ್ಗನ್ ನುಡಿಸುವುದು, ಗಾಯಕಮಂಡಲಿಗೆ ಪಾಠ ಹೇಳುವುದು. ಅಂದಿನ ಆರ್ಗನ್ನುಗಳಲ್ಲಿ ಸ್ವರದ ಮನೆಗೂ ಕೊಳವೆಯ ಬಾಗಿಲಿಗೂ ನಡುವೆ ಮರದ ಪಟ್ಟಿಗಳೂ ತಂತಿಗಳೂ ಉದ್ದಕ್ಕೂ ಹಬ್ಬಿರುತ್ತಿದ್ದವು. ನುಡಿಸುವವರ ಬೆರಳಿಗೆ ಅದು ಗಾಣ ಎಳೆದ ಹಾಗೆ. ಮಾತನ್ನು ತಂತಿಯಲ್ಲಿ ಮೈಲುಗಟ್ಟಲೆ ಸಾಗಿಸುವ ವಿದ್ಯುಚ್ಛಕ್ತಿಯು ಬೆರಳಿನ ಅಪ್ಪಣೆಯನ್ನು ಕೆಲವು ಗಜಗಳಷ್ಟು ದೂರ ಸಾಗಿಸಲಾರದೆ? ೧೮೮೦ರ ದಶಕದ ಕೊನೆಯ ವರ್ಷಗಳಲ್ಲಿ ಅವರು ತಮ್ಮ ದೇವಾಲಯದ ಆರ್ಗನ್ನಿನಲ್ಲಿಯೇ ಇದನ್ನು ಪ್ರಯೋಗಿಸಿದರು. ಮನೆಯನ್ನು ಒತ್ತಿದರೆ ಮಂದವಾದ ವಿದ್ಯುತ್ಪ್ರವಾಹವು ಹರಿದು ಒಂದು ಪುಟ್ಟ ಅಯಸ್ಕಾಂತವನ್ನು ಎಚ್ಚರಿಸುವುದು. ಅಯಸ್ಕಾಂತವು ಗಾಳಿಗೆ ಒಂದು ಸಣ್ಣ ದಾರಿಯನ್ನು ತೆರೆಯುವುದು. ಆ ಗಾಳಿಯ ಬಲದಿಂದ ತೊಗಲಿನ ಕಿರುತಿದಿಯೊಂದು ಕುಸಿದು ಕೊಳವೆಯ ಬಾಗಿಲನ್ನು ಸೆಳೆಯುವುದು. ದೊಡ್ಡ ಕೆಲಸವನ್ನು ಗಾಳಿಗೆ ಬಿಟ್ಟು, ಅಪ್ಪಣೆಯನ್ನು ಮಾತ್ರ ವಿದ್ಯುತ್ತಿಗೆ ಒಪ್ಪಿಸಿದ್ದರಲ್ಲಿ ಜಾಣತನವಿದೆ. ನುಡಿಸುವವರು ಇನ್ನು ಕೊಳವೆಗಳ ಬುಡದಲ್ಲಿಯೇ ಕುಳಿತಿರಬೇಕೆಂಬ ನಿಯಮವು ತಪ್ಪಿತು. ತಂತಿಗಳ ಕಟ್ಟೊಂದು ಹೋಗುವಷ್ಟು ದಾರಿಯಿದ್ದರೆ ಸಾಕು, ಎಲ್ಲಿ ಬೇಕಾದರೂ ಕುಳಿತುಕೊಳ್ಳಬಹುದು.

ಅವರ ಎರಡನೆಯ ಉಪಾಯವು ಇದಕ್ಕಿಂತ ದೊಡ್ಡದು. ಅಪ್ಪಣೆಯು ತಂತಿಯಲ್ಲಿ ಹೋಗುವುದಾದರೆ ಒಂದೇ ಕೊಳವೆಗೆ ಹತ್ತು ಕಡೆಗಳಿಂದ ಅಪ್ಪಣೆ ಕೊಡುವುದಕ್ಕೆ ಅಡ್ಡಿಯೇನು? ೬೧ ಕೊಳವೆಗಳ ಒಂದು ಪಂಕ್ತಿಗೆ ಕೆಳಗೆ ೧೨, ಮೇಲೆ ೨೪ ಕೊಳವೆಗಳನ್ನು ಸೇರಿಸಿದರೆ ೯೭ ಆಗುವುವು. ಈ ೯೭ರಿಂದಲೇ ಮಂದ್ರದ ೧೬ ಅಡಿಯ ಧ್ವನಿ, ಸಹಜವಾದ ೮ ಅಡಿಯದು, ಅದರ ಮೇಲಿನ ೪ ಅಡಿಯದು, ೨ ಅಡಿಯದು ಎಂದು ನಾಲ್ಕು ಸ್ಟಾಪುಗಳನ್ನು ತೆಗೆಯಬಹುದು. ಮೇಲಿನ ಮನೆಗಳ ಸಾಲಿಗೂ ಕೆಳಗಿನ ಸಾಲಿಗೂ ಕಾಲ್ಮನೆಗಳಿಗೂ ಅದೇ ಪಂಕ್ತಿಯನ್ನು ಹಂಚಬಹುದು. ಹಳೆಯ ಪದ್ಧತಿಯಲ್ಲಿ ಇಷ್ಟಕ್ಕೆ ಹಲವು ನೂರು ಕೊಳವೆಗಳು ಬೇಕಾಗುತ್ತಿದ್ದವು. ಒಂದೇ ಮನೆಯ ನಾಲ್ವರು ಮಕ್ಕಳು ವೇಷ ಬದಲಾಯಿಸಿ ಇಡೀ ನಾಟಕದ ಪಾತ್ರಗಳನ್ನೆಲ್ಲ ಆಡಿ ತೋರಿಸಿದ ಹಾಗಾಯಿತು. ಹೀಗೆ ಹತ್ತು ಪಂಕ್ತಿಗಳ ವಾದ್ಯವೊಂದು ನೂರಕ್ಕೂ ಹೆಚ್ಚು ಸ್ಟಾಪುಗಳ ಗಾಂಭೀರ್ಯವನ್ನು ತಾಳಿತು. ಶುದ್ಧ ಸಂಗೀತದ ಪಕ್ಷಪಾತಿಗಳು ಇದನ್ನು ಮೋಸವೆಂದು ಜರೆದರು. ಪಂಕ್ತಿಗಳು ಬೇರೆ ಬೇರೆಯಾಗಿದ್ದರೆ ಬರುವ ತುಂಬುನಾದವು ಹಂಚಿಕೊಂಡ ಪಂಕ್ತಿಯಿಂದ ಬರುವುದಿಲ್ಲವೆಂಬ ಅವರ ಆಕ್ಷೇಪಣೆಯಲ್ಲಿ ಸತ್ಯವೂ ಇತ್ತು. ಆದರೆ ಹೋಪ್-ಜೋನ್ಸರ ಗುರಿಯು ದೇವಾಲಯದ ಗಂಭೀರಘೋಷವಲ್ಲ. ಒಬ್ಬ ಮನುಷ್ಯನ ಹತ್ತು ಬೆರಳುಗಳಿಗೂ ಎರಡು ಪಾದಗಳಿಗೂ ಒಂದು ವಾದ್ಯಗೋಷ್ಠಿಯನ್ನೇ ಒಪ್ಪಿಸಿಬಿಡುವುದು ಅವರ ಹಂಬಲ.

ಅವರು ೧೯೦೩ರಲ್ಲಿ ಅಮೇರಿಕಕ್ಕೆ ಹೋದರು. ೧೯೦೭ರಲ್ಲಿ ಎಲ್ಮೈರ ಎಂಬ ಊರಿನಲ್ಲಿ ಸ್ವಂತ ಕಾರ್ಖಾನೆ ತೆರೆದರು. ಅದು ನಡೆಯದೆ ೧೯೧೦ರಲ್ಲಿ ವುರ್ಲಿಟ್ಸರ್ ಕಂಪೆನಿಯನ್ನು ಸೇರಿದರು. ಕಂಪೆನಿಯವರಿಗೂ ಅವರಿಗೂ ಮನಸ್ತಾಪ ಬೆಳೆಯಿತು. ತಮ್ಮ ಹೆಸರಿನ ವಾದ್ಯವು ಜಗತ್ಪ್ರಸಿದ್ಧವಾಗುವುದನ್ನು ನೋಡುವ ಭಾಗ್ಯವಿಲ್ಲದೆ ೧೯೧೪ರಲ್ಲಿ ಶೋಚನೀಯ ಸ್ಥಿತಿಯಲ್ಲಿ ತೀರಿಕೊಂಡರು. ವಾದ್ಯಕ್ಕೆ ಲೋಕವು ಕೊಟ್ಟ ಹೆಸರು ‘ವುರ್ಲಿಟ್ಸರ್’ ಎಂದಾಯಿತೇ ಹೊರತು ಹೋಪ್-ಜೋನ್ಸ್ ಎಂದಾಗಲಿಲ್ಲ. ನ್ಯೂಯಾರ್ಕ್ ಸಂಸ್ಥಾನದ ನಾರ್ತ್ ಟೋನವಾಂಡದಲ್ಲಿದ್ದ ಆ ಕಾರ್ಖಾನೆಯಿಂದ ಎರಡು ಸಾವಿರಕ್ಕೂ ಮೇಲ್ಪಟ್ಟು ವಾದ್ಯಗಳು ಹೊರಟವು. ಇತರ ತಯಾರಕರೂ ಇದ್ದರು; ಅಮೇರಿಕದಲ್ಲಿ ರಾಬರ್ಟ್ ಮಾರ್ಟನ್, ಕಿಂಬಲ್, ಬಾರ್ಟನ್; ಇಂಗ್ಲೆಂಡಿನಲ್ಲಿ ಕಾಂಪ್ಟನ್, ಕ್ರಿಸ್ಟಿ. ಆದರೂ ಜನರ ಬಾಯಲ್ಲಿ ಎಲ್ಲವೂ ವುರ್ಲಿಟ್ಸರೇ ಆದವು.

ಇದರ ಧ್ವನಿಯನ್ನು ಒಮ್ಮೆ ಕೇಳಿದವರು ಮತ್ತೆ ಮರೆಯುವುದಿಲ್ಲವೆನ್ನುತ್ತಾರೆ. ಅದಕ್ಕೆ ಕಾರಣಗಳನ್ನು ಹೇಳಬಹುದು. ಮೊದಲನೆಯದು ಗಾಳಿಯ ಒತ್ತಡ. ಲಾಳದಂತೆ ಬಾಗಿಸಿದ ಗಾಜಿನ ನಳಿಗೆಯಲ್ಲಿ ನೀರು ತುಂಬಿ ಒಂದು ಬಾಯಿಯೊಳಗೆ ಗಾಳಿ ಬಿಟ್ಟರೆ ಎರಡು ಕಡೆಯ ನೀರಿನ ಮಟ್ಟಗಳಿಗೆ ಎಷ್ಟು ಅಂಗುಲ ಅಂತರವಾಗುವುದೋ ಅದೇ ಒತ್ತಡದ ಅಳತೆ. ದೇವಾಲಯದ ಹಳೆಯ ಆರ್ಗನ್ನುಗಳಲ್ಲಿ ಅದು ಸಾಮಾನ್ಯವಾಗಿ ೩ ಅಂಗುಲದ ಆಸುಪಾಸು. ಚಿತ್ರಮಂದಿರದ ವಾದ್ಯದಲ್ಲಿ ೧೦ ಅಂಗುಲ, ಕೆಲವು ಪಂಕ್ತಿಗಳಿಗೆ ಇನ್ನೂ ಹೆಚ್ಚು. ನೆಲಮಾಳಿಗೆಯಲ್ಲಿ ವಿದ್ಯುತ್ತಿನಿಂದ ತಿರುಗುವ ದೊಡ್ಡ ಬೀಸಣಿಗೆಯು ಈ ಗಾಳಿಯನ್ನು ಒದಗಿಸುವುದು. ಎರಡನೆಯದು ಟ್ರೆಮ್ಯುಲಂಟ್ ಎಂಬ ಯಂತ್ರ. ಇದು ಗಾಳಿಯ ದಾರಿಯಲ್ಲಿದ್ದುಕೊಂಡು ಒತ್ತಡವನ್ನು ಕ್ಷಣಕ್ಷಣಕ್ಕೂ ಏರಿಸಿ ಇಳಿಸುವುದು. ಸ್ವರವು ಅಲೆಯಲೆಯಾಗಿ ತೂಗಾಡುವುದು. ನಮ್ಮ ಗಾಯಕರ ಕಂಪಿತವೆಂಬ ಗಮಕವನ್ನು ಇದಕ್ಕೆ ಹೋಲಿಸಬಹುದು. ಆದರೆ ಗಾಯಕರು ಕಂಪಿತವನ್ನು ಬೇಕಾದಲ್ಲಿ ಇಡುತ್ತಾರೆ, ಯಂತ್ರವು ಎಲ್ಲದರ ಮೇಲೂ ಸುರಿಯುತ್ತದೆ. ಇದರಲ್ಲಿ ಮಿತಿ ಮೀರಿದವರು ಸಂಗೀತವನ್ನು ಪಾಯಸದಲ್ಲಿ ಮುಳುಗಿಸಿದರೆಂದು ನನ್ನ ಅಭಿಪ್ರಾಯ. ಮೂರನೆಯದು ಟಿಬಿಯಾ ಕ್ಲಾಸ ಎಂಬ ಅಗಲವಾದ ಮರದ ಕೊಳವೆಗಳ ಪಂಕ್ತಿ. ಇವುಗಳ ನೆತ್ತಿಯು ಮುಚ್ಚಿರುವುದರಿಂದ ಧ್ವನಿಯು ದುಂಡಗೆ, ಮೆತ್ತಗೆ, ಗವಿಯೊಳಗಿನಿಂದ ಬಂದಂತೆ ಇರುವುದು. ಇದರ ಮೇಲೆ ಟ್ರೆಮ್ಯುಲಂಟ್ ಸೇರಿದಾಗ ಬರುವ ನಾದವೇ ಥಿಯೇಟರ್ ಆರ್ಗನ್ನಿನ ಹೃದಯ. ಹೋಪ್-ಜೋನ್ಸರು ಡಯಫೋನ್ ಎಂಬ ಮತ್ತೊಂದು ಘೋರಮಂದ್ರದ ಕೊಳವೆಯನ್ನೂ ಕಂಡುಹಿಡಿದರು. ಮಂಜಿನಲ್ಲಿ ದಾರಿ ತಪ್ಪುವ ಹಡಗುಗಳಿಗೆ ಕರಾವಳಿಯಿಂದ ಎಚ್ಚರಿಕೆ ಕೊಡುವ ಕಹಳೆಗೆ ಅದೇ ಮಾತೃಕೆಯಾಯಿತು!

ಕೊಳವೆಗಳು ಪ್ರೇಕ್ಷಕರಿಗೆ ಕಾಣುತ್ತಿರಲಿಲ್ಲ. ರಂಗದ ಇಕ್ಕೆಲದ ಗೋಡೆಗಳ ಹಿಂದೆ ಕೋಣೆಗಳಲ್ಲಿ ಅವು ನಿಂತಿರುವುವು. ಕೋಣೆಯ ಮುಂಭಾಗದಲ್ಲಿ ದಪ್ಪನಾದ ರೆಕ್ಕೆಹಲಗೆಗಳು; ನುಡಿಸುವವರು ಪಾದದಿಂದ ಒಂದು ತುಳಿಯನ್ನು ಒತ್ತಿದಂತೆ ಅವು ತೆರೆದುಕೊಂಡು, ಪಿಸುಮಾತಿನಂತಿದ್ದ ನಾದವು ಗರ್ಜನೆಯಾಗುವುದು. ಅದೇ ಕೋಣೆಗಳಲ್ಲಿ ನಿಜವಾದ ಡೋಲು, ತಾಳ, ಗಂಟೆಗಳು, ಕಾಷ್ಠತರಂಗ, ಕೆಲವೆಡೆ ನಿಜವಾದ ಪಿಯಾನೋ ಕೂಡ ಇದ್ದು, ಗಾಳಿಯ ಬಲದಿಂದಲೇ ಅವು ಬಾರಿಸಲ್ಪಡುತ್ತಿದ್ದವು. ಮಕ್ಕಳಿಗೆ ಬಹು ಪ್ರಿಯವಾದದ್ದು ಸದ್ದುಗಳ ಸಂತೆ. ಕುದುರೆಯ ಗೊರಸಿನ ಸಪ್ಪಳ, ರೈಲಿನ ಸೀಟಿ, ಮೋಟಾರಿನ ಕೊಂಬು, ಬೆಂಕಿಯ ಗಂಟೆ, ಬಾಗಿಲ ಗಂಟೆ, ಕಡಲ ಮೊರೆತ, ಎಲ್ಲಕ್ಕೂ ಒಂದೊಂದು ಗುಂಡಿ. ಹಕ್ಕಿಯ ಕೂಗನ್ನು ಹೊರಡಿಸುವ ಬಗೆಯಂತೂ ಬಲು ಸರಳ: ಪುಟ್ಟ ಕೊಳವೆಯೊಂದನ್ನು ತಲೆಕೆಳಗಾಗಿ ನೀರಿನ ಬಟ್ಟಲಿನಲ್ಲಿ ಅದ್ದಿ ಗಾಳಿ ಊದುವುದಷ್ಟೇ. ನಮ್ಮ ಜಾತ್ರೆಗಳಲ್ಲಿ ಮಾರುವ ನೀರುಪೀಪಿಯ ಹಿರಿಯಣ್ಣ ಇದು.

ನುಡಿಸುವವರು ಕೂಡುವ ಮೇಜಿಗೆ ಕನ್ಸೋಲ್ ಎಂದು ಹೆಸರು. ಕುದುರೆಯ ಲಾಳದಂತೆ ಅರ್ಧವೃತ್ತಾಕಾರವಾಗಿ ಸ್ಟಾಪುಗಳ ಸಾಲು. ಕೊಳಲಿನ ಜಾತಿಗೆ ಬಿಳಿ, ತಂತಿವಾದ್ಯಗಳ ಛಾಯೆಯುಳ್ಳವಕ್ಕೆ ಹಳದಿ, ನಾಲಿಗೆಯ ಕೊಳವೆಗಳಿಗೆ ಕೆಂಪು, ಸಾಲುಗಳನ್ನು ಒಂದಕ್ಕೊಂದು ಕೂಡಿಸುವಂಥವಕ್ಕೆ ಕಪ್ಪು. ಮಂದ ಬೆಳಕಿನಲ್ಲಿ ಹೆಸರನ್ನು ಓದುತ್ತ ಕೂರುವ ಅವಕಾಶವಿಲ್ಲದವರಿಗೆ ಈ ಬಣ್ಣಗಳು ದಾರಿದೀಪಗಳಾಗಿದ್ದವು. ಮನೆಯನ್ನು ಮೆಲ್ಲಗೆ ಒತ್ತಿದರೆ ಒಂದು ಧ್ವನಿ, ಇನ್ನಷ್ಟು ಬಲವಾಗಿ ಅದುಮಿದರೆ ಅದರೊಡನೆ ಮತ್ತೊಂದು ಧ್ವನಿ, ಹೀಗೂ ಒಂದು ಏರ್ಪಾಡುಂಟು. ಇಡೀ ಕನ್ಸೋಲ್ ಎತ್ತುಗಟ್ಟೆಯ ಮೇಲಿದ್ದು, ದೀಪಗಳು ನಂದಿದಾಗ ನೆಲದೊಳಗಿಂದ ಮೆಲ್ಲನೆ ಮೇಲೇಳುವುದು. ಕತ್ತಲೆಯಲ್ಲಿ ಮೊದಲು ನಾದ, ಆಮೇಲೆ ಬೆಳಕಿನ ವೃತ್ತದೊಳಗೆ ನುಡಿಸುವವರ ಬೆನ್ನು. ಹಳಬರ ನೆನಪುಗಳನ್ನು ಕೇಳಿದರೆ ಅವರು ಚಿತ್ರದ ಕಥೆಯನ್ನು ಮರೆತಿರುವರು, ಇದನ್ನು ಮರೆತಿರುವುದಿಲ್ಲ.

ಮೂಕಚಿತ್ರಕ್ಕೆ ನುಡಿಸುವ ಕೆಲಸವು ಹೊರಗಿನವರಿಗೆ ಕಾಣುವಷ್ಟು ಸುಲಭವಲ್ಲ. ಚಿತ್ರದೊಡನೆ ಒಮ್ಮೊಮ್ಮೆ ಯಾವ ಸನ್ನಿವೇಶಕ್ಕೆ ಯಾವ ಬಗೆಯ ಸಂಗೀತವೆಂಬ ಪಟ್ಟಿಯು ಬರುತ್ತಿತ್ತು. ಬಾರದಿದ್ದರೆ ಪರದೆಯನ್ನು ನೋಡುತ್ತಲೇ ಕೈಗೆ ಬಂದದ್ದನ್ನು ಕಟ್ಟಿ ನುಡಿಸಬೇಕು. ನಾಯಕಿಯು ಅಳುವಾಗ ಅಳಬೇಕು, ಮರುಕ್ಷಣದಲ್ಲಿ ವಿದೂಷಕನು ಜಾರಿ ಬೀಳುವಾಗ ಡೋಲು ತಪ್ಪದೆ ಬೀಳಬೇಕು. ದಿನಕ್ಕೆ ಹಲವು ಪ್ರದರ್ಶನಗಳು. ಈ ವಿದ್ಯೆಯನ್ನು ಕಲಿಸುವುದಕ್ಕೆಂದು ೧೯೨೦ರ ದಶಕದಲ್ಲಿ ರೋಚೆಸ್ಟರ್ ನಗರದ ಈಸ್ಟ್‌ಮನ್ ಸಂಗೀತಶಾಲೆಯಲ್ಲಿ ಪ್ರತ್ಯೇಕವಾದ ತರಗತಿಯು ಏರ್ಪಟ್ಟಿತು. ಮನೆಗಳಲ್ಲಿ ಪಿಯಾನೋ ಕಲಿತು, ಸಂಬಳದ ಉದ್ಯೋಗವೆಂದರೆ ಪಾಠ ಹೇಳುವುದೊಂದೇ ಎಂದುಕೊಂಡಿದ್ದ ಅನೇಕ ಸ್ತ್ರೀಯರಿಗೆ ಚಿತ್ರಮಂದಿರವು ಗೌರವವಾದ ಜೀವನೋಪಾಯವನ್ನು ತೆರೆಯಿತು. ಕತ್ತಲೆಯಲ್ಲಿ ಕುಳಿತು ನುಡಿಸುವವರು ಗಂಡಸೋ ಹೆಂಗಸೋ ಎಂದು ಕೇಳುವವರು ಕಡಮೆ. ತಾಳ ತಪ್ಪದಿದ್ದರೆ ಸಾಕು.

ಮಾಲೀಕರ ಲೆಕ್ಕವು ಬೇರೆ. ಇಪ್ಪತ್ತು ಮಂದಿ ವಾದ್ಯಗಾರರಿಗೆ ವಾರವಾರವೂ ಸಂಬಳ ಕೊಡುವ ಬದಲು ಒಂದು ವಾದ್ಯವನ್ನು ಕೊಂಡು ಒಬ್ಬರಿಗೆ ಸಂಬಳ ಕೊಟ್ಟರೆ ಉಳಿತಾಯವೆಂದು ಅವರು ಎಣಿಸಿದರು. ಹೀಗೆ ಆರ್ಗನ್ನು ಬಂದ ಕಡೆ ಪಿಟೀಲಿನವರೂ ಕಹಳೆಯವರೂ ಎಷ್ಟೋ ಮಂದಿ ಮನೆಗೆ ಹೋದರು. ಅವರನ್ನು ಕಳುಹಿಸಿದ ವಾದ್ಯಕ್ಕೆ ತಾನೂ ಹೊರಡಬೇಕಾದ ದಿನವು ದೂರವಿರಲಿಲ್ಲ. ೧೯೨೭ರ ಅಕ್ಟೋಬರಿನಲ್ಲಿ ‘ದಿ ಜಾಜ್ ಸಿಂಗರ್’ ಎಂಬ ಚಿತ್ರವು ಮಾತೂ ಹಾಡೂ ಕೂಡಿ ತೆರೆಗೆ ಬಂದಿತು. ಮೂರು ನಾಲ್ಕು ವರ್ಷಗಳೊಳಗೆ ಅಮೇರಿಕದ ಸಾವಿರಾರು ಆರ್ಗನ್ ವಾದಕರಿಗೆ ಕೆಲಸ ತಪ್ಪಿತು. ಅದೇ ವೇಳೆಗೆ ಅಲ್ಲಿ ಆರ್ಥಿಕ ಮುಗ್ಗಟ್ಟೂ ಸೇರಿಕೊಂಡಿತು.

ನಮ್ಮ ದೇಶದಲ್ಲಿಯೂ ಮೂಕಚಿತ್ರಗಳು ಮೂಕವಾಗಿ ಓಡಲಿಲ್ಲವೆಂಬುದನ್ನು ಇಲ್ಲಿ ನೆನೆಯಬಹುದು. ಪರದೆಯ ಪಕ್ಕದಲ್ಲಿ ಹಾರ್ಮೋನಿಯಂ ತಬಲಗಳ ಜೊತೆಯಿರುತ್ತಿತ್ತು. ೧೯೩೧ರಲ್ಲಿ ಹಿಂದೂಸ್ತಾನಿಯ ‘ಆಲಂ ಆರಾ’, ೧೯೩೪ರಲ್ಲಿ ಕನ್ನಡದ ‘ಸತಿ ಸುಲೋಚನ’ ಬಂದ ಬಳಿಕ ಆ ಜೋಡಿಯೂ ಎದ್ದುಹೋಯಿತು. ಹಾರ್ಮೋನಿಯಂ ಪೆಟ್ಟಿಗೆಯನ್ನಾದರೋ ಹೆಗಲಿಗೇರಿಸಿಕೊಂಡು ನಾಟಕದ ಕಂಪೆನಿಗೆ ಹೋಗಬಹುದು. ಕಟ್ಟಡದ ಗೋಡೆಗಳೊಳಗೆ ಹೂಳಿಟ್ಟ ಹಲವು ಟನ್ನುಗಳ ವಾದ್ಯವು ಎಲ್ಲಿಗೆ ಹೋಗಬೇಕು?

ಇಂಗ್ಲೆಂಡಿನಲ್ಲಿ ಅದಕ್ಕೆ ಎರಡನೆಯ ಜನ್ಮವು ದೊರೆಯಿತು. ಅಲ್ಲಿಗೆ ಮೊದಲನೆಯ ವುರ್ಲಿಟ್ಸರ್ ಬಂದು ವಾಲ್ಸಲ್ ಪಟ್ಟಣದ ಚಿತ್ರಮಂದಿರದಲ್ಲಿ ನುಡಿದದ್ದು ೧೯೨೫ರ ಜನವರಿಯಲ್ಲಿ. ವಾಕ್ಚಿತ್ರಗಳು ಬಂದ ಮೇಲೆಯೂ ಎರಡು ಚಿತ್ರಗಳ ನಡುವಣ ವಿರಾಮದಲ್ಲಿ ಅಲ್ಲಿಯ ಜನರು ಆರ್ಗನ್ ಕೇಳುವುದನ್ನು ಬಿಡಲಿಲ್ಲ. ರೇಡಿಯೋ ಅದನ್ನು ಮನೆಮನೆಗೆ ಮುಟ್ಟಿಸಿತು. ಬಿ.ಬಿ.ಸಿ.ಯವರು ೧೯೩೬ರಲ್ಲಿ ತಮ್ಮದೇ ಆದ ದೊಡ್ಡ ಕಾಂಪ್ಟನ್ ಆರ್ಗನ್ನನ್ನು ಲಂಡನ್ನಿನ ಸೇಂಟ್ ಜಾರ್ಜಸ್ ಹಾಲಿನಲ್ಲಿ ಸ್ಥಾಪಿಸಿದರು. ಎರಡನೆಯ ಮಹಾಯುದ್ಧದ ವಿಮಾನದಾಳಿಯಲ್ಲಿ ಅದು ನಾಶವಾದಾಗ ರೆಜಿನಾಲ್ಡ್ ಫೂರ್ಟ್ ಎಂಬ ವಾದಕರ ಸಂಚಾರೀ ಆರ್ಗನ್ನು ಅದರ ಸ್ಥಾನಕ್ಕೆ ಬಂದಿತು. ೧೯೩೮ರಲ್ಲಿ ಅಮೇರಿಕದಲ್ಲಿ ತಯಾರಾದ ಈ ವಾದ್ಯದಲ್ಲಿ ಐದು ಮನೆಸಾಲುಗಳು, ೨೭ ಪಂಕ್ತಿಗಳು. ತೂಕ ಸುಮಾರು ೩೦ ಟನ್ನು. ಲಾರಿಗಳಲ್ಲಿ ಹೇರಿಕೊಂಡು ಊರೂರಿಗೆ ಒಯ್ದು ಜೋಡಿಸುವ ಹಾಗೆ ಅದನ್ನು ಕಟ್ಟಿದ್ದರು. ಯುದ್ಧಕಾಲದಲ್ಲಿ ವೇಲ್ಸಿನ ಬ್ಯಾಂಗರ್ ಪಟ್ಟಣದಿಂದ ಅದರ ಧ್ವನಿಯು ಪ್ರಸಾರವಾಯಿತು. ಆಮೇಲೆ ಅದು ಹಾಲೆಂಡಿನ ರೇಡಿಯೋಗೆ ಹೋಗಿ, ಅಲ್ಲಿಂದ ಕಡಲು ದಾಟಿ ಕ್ಯಾಲಿಫೋರ್ನಿಯದ ಒಂದು ಭೋಜನಶಾಲೆಗೆ ಸೇರಿ, ಕೊನೆಗೆ ಪ್ಯಾಸಡಿನದ ಸಾರ್ವಜನಿಕ ಸಭಾಭವನದಲ್ಲಿ ನೆಲೆಗೊಂಡಿತು.

ಬ್ಲ್ಯಾಕ್‌ಪೂಲ್ ಎಂಬ ಕಡಲ ತೀರದ ಪಟ್ಟಣದ ಹೆಸರನ್ನು ಹೇಳದೆ ಈ ಕಥೆಯು ಪೂರ್ಣವಾಗುವುದಿಲ್ಲ. ಲ್ಯಾಂಕಷೈರಿನ ಹತ್ತಿಯ ಗಿರಣಿಗಳ ಕೆಲಸಗಾರರು ವರ್ಷಕ್ಕೊಮ್ಮೆ ರಜೆಗೆ ಬರುತ್ತಿದ್ದ ಊರು ಅದು. ಅಲ್ಲಿಯ ಗೋಪುರದ ಕೆಳಗಿನ ನರ್ತನಶಾಲೆಯಲ್ಲಿ ೧೯೨೯ರಲ್ಲಿ ವುರ್ಲಿಟ್ಸರ್ ಇಟ್ಟರು. ೧೯೩೦ರಲ್ಲಿ ಷೆಫೀಲ್ಡಿನ ರೆಜಿನಾಲ್ಡ್ ಡಿಕ್ಸನ್ ಎಂಬ ತರುಣರು ಅದರ ಮುಂದೆ ಕುಳಿತರು. ನರ್ತನಕ್ಕೆ ತಾಳವು ಗಡಿಯಾರದಂತಿರಬೇಕು. ಆರ್ಗನ್ನಿನಲ್ಲಿ ಅದು ಸಾಧ್ಯವಿಲ್ಲವೆಂದು ಹಲವರು ತಿಳಿದಿದ್ದರು. ಡಿಕ್ಸನ್ ಅವರು ಕಾಲಿನಿಂದ ಮಂದ್ರವನ್ನೂ ಎಡಗೈಯಿಂದ ತಾಳವನ್ನೂ ಚುರುಕಾಗಿ ಹಿಡಿದು ಸಾವಿರಾರು ಜೊತೆ ಕಾಲುಗಳನ್ನು ಕುಣಿಸಿದರು. ಅವರೇ ಯೋಜಿಸಿದ ೧೪ ಪಂಕ್ತಿಗಳ ದೊಡ್ಡ ವಾದ್ಯವು ೧೯೩೫ರಲ್ಲಿ ಅಲ್ಲಿಗೆ ಬಂದಿತು. ೧೯೭೦ರವರೆಗೆ ನಲವತ್ತು ವರ್ಷಗಳ ಕಾಲ ಅವರದು ಅದೇ ಪೀಠ. ಅವರು ಯುದ್ಧದಲ್ಲಿ ವಿಮಾನದಳದ ಸೇವೆಗೆ ಹೋದಾಗ ಆ ಪೀಠದಲ್ಲಿ ಕುಳಿತವರು ಈನಾ ಬಾಗಾ ಎಂಬ ಮಹಿಳೆ. ೧೯೦೬ರಲ್ಲಿ ಹುಟ್ಟಿದ ಈಕೆಯೂ ಈಕೆಯ ಅಕ್ಕ ಫ್ಲಾರೆನ್ಸ್ ಡಿ ಜಾಂಗ್ ಅವರೂ ಮೂಕಚಿತ್ರಗಳ ಕಾಲದಿಂದಲೇ ಹೆಸರಾದವರು. ಮನೆಯಿಂದ ದೂರ ಯುದ್ಧಕ್ಕೆ ಹೊರಡುವ ಮುನ್ನ ಒಂದು ಸಂಜೆ ಕುಣಿಯಲು ಬಂದ ಸಿಪಾಯಿಗಳಿಗೆ ನುಡಿಸುವುದು ಬರಿಯ ವಿನೋದದ ಕೆಲಸವೆಂದು ಯಾರೂ ಹೇಳಲಾರರು. ೧೯೫೬ರಲ್ಲಿ ಆ ನರ್ತನಶಾಲೆಗೆ ಬೆಂಕಿ ಬಿದ್ದು ನೆಲವೆಲ್ಲ ಹೋಯಿತು, ೧೯೫೮ರಲ್ಲಿ ಅದು ಮತ್ತೆ ತೆರೆಯಿತು, ಆರ್ಗನ್ನು ಉಳಿದುಕೊಂಡಿತು.

ಉಳಿಯದೆ ಹೋದವುಗಳ ಲೆಕ್ಕ ದೊಡ್ಡದು. ಕೊಳವೆಗಳ ಸೀಸ ತವರಗಳಿಗೆ ಬೆಲೆಯುಂಟಷ್ಟೆ. ಕಟ್ಟಡವನ್ನು ಕೆಡಹುವ ಗುತ್ತಿಗೆದಾರನಿಗೆ ಒಂದು ಪಂಕ್ತಿಯೆಂದರೆ ಇಷ್ಟು ತೂಕದ ಲೋಹ. ಎಷ್ಟೋ ಕಡೆ ಮಾಡು ಸೋರಿ ಕೋಣೆಗಳಿಗೆ ನೀರು ನುಗ್ಗಿತು. ಇಲಿಗಳು ತೊಗಲನ್ನು ಕಡಿದವು. ಇಂಥ ಸಮಯದಲ್ಲಿ ಮುಂದೆ ಬಂದವರು ಬಾಲ್ಯದಲ್ಲಿ ಆ ಧ್ವನಿಯನ್ನು ಕೇಳಿ ಮರೆಯಲಾರದೆ ಹೋದ ಸಾಮಾನ್ಯ ಗೃಹಸ್ಥರು. ಇಂಗ್ಲೆಂಡಿನಲ್ಲಿ ೧೯೫೨ರಲ್ಲಿ ಸಿನೆಮಾ ಆರ್ಗನ್ ಸೊಸೈಟಿಯೂ ಅಮೇರಿಕದಲ್ಲಿ ೧೯೫೫ರಲ್ಲಿ ಇಂದು ಅಮೇರಿಕನ್ ಥಿಯೇಟರ್ ಆರ್ಗನ್ ಸೊಸೈಟಿ ಎನಿಸಿಕೊಂಡಿರುವ ಸಂಘವೂ ಹುಟ್ಟಿದವು. ನ್ಯೂಯಾರ್ಕಿನ ಪ್ಯಾರಮೌಂಟ್ ಮಂದಿರದಲ್ಲಿ ೧೯೨೬ರಿಂದ ಇದ್ದ ೩೬ ಪಂಕ್ತಿಗಳ ವುರ್ಲಿಟ್ಸರ್ ಅಂದಿನ ಪ್ರಸಿದ್ಧ ವಾದಕ ಜೆಸ್ಸಿ ಕ್ರಾಫರ್ಡರ ಕೀರ್ತಿಪೀಠವಾಗಿತ್ತು. ಅವರ ಪತ್ನಿ ಹೆಲೆನ್ ಎರಡನೆಯ ಕನ್ಸೋಲಿನಲ್ಲಿ ಕುಳಿತು ಜೊತೆಗೂಡುತ್ತಿದ್ದರು. ೧೯೬೪ರಲ್ಲಿ ಮಂದಿರವು ಮುಚ್ಚಿದ ಬಳಿಕ ಆ ವಾದ್ಯವನ್ನು ಕಳಚಿ ತೆಗೆದರು. ೧೯೭೨ರಲ್ಲಿ ಅದು ಕ್ಯಾನ್ಸಸ್ ಸಂಸ್ಥಾನದ ವಿಚಿಟ ನಗರದ ಸಭಾಭವನದಲ್ಲಿ ಮತ್ತೆ ನುಡಿಯಿತು. ವಾಲ್ಸಲ್ಲಿನ ಮೊದಲ ವುರ್ಲಿಟ್ಸರ್ ಡೆವನ್ ಪ್ರಾಂತದ ಬಿಯರ್ ಎಂಬ ಬೆಸ್ತರ ಹಳ್ಳಿಯ ಪುಟ್ಟ ದೇವಾಲಯವನ್ನು ಸೇರಿತು. ಸಿನೆಮಾದ ವಾದ್ಯವು ಕೀರ್ತನೆಗಳಿಗೆ ದನಿಗೂಡಿಸಿತು. ಬರ್ಲಿನ್ನಿನ ಒಬ್ಬ ಧನಿಕರ ಮಹಲಿನಲ್ಲಿದ್ದ ೧೯೨೯ರ ವುರ್ಲಿಟ್ಸರ್ ಆ ನಗರದ ವಾದ್ಯಗಳ ವಸ್ತುಸಂಗ್ರಹಾಲಯಕ್ಕೆ ಬಂದಿತು. ಅಮೇರಿಕದಲ್ಲಿ ಕೆಲವು ವಾದ್ಯಗಳು ಹಿಟ್ಟಿನ ರೊಟ್ಟಿಯ ಮೇಲೆ ಗಿಣ್ಣು ಸುರಿದು ಬೇಯಿಸುವ ಪೀಟ್ಸಾ ಅಂಗಡಿಗಳಿಗೂ ಹೋದವು. ನಗಬೇಕಾದ ಮಾತೇ, ಆದರೆ ಅಲ್ಲಿ ತಿನ್ನಲು ಬಂದ ಮಕ್ಕಳು ಆರ್ಗನ್ ಕೇಳಿ ಬೆಳೆದರು, ಕೊಳವೆಗಳು ಕುಲುಮೆಯ ಪಾಲಾಗಲಿಲ್ಲ. ಹುಟ್ಟಿದ ಸ್ಥಳವನ್ನು ಬಿಡದೆ ಉಳಿದವುಗಳಲ್ಲಿ ೧೯೩೨ರಲ್ಲಿ ತೆರೆದ ನ್ಯೂಯಾರ್ಕಿನ ರೇಡಿಯೋ ಸಿಟಿ ಮ್ಯೂಸಿಕ್ ಹಾಲಿನ ವಾದ್ಯವು ಮುಖ್ಯವಾದದ್ದು: ೫೮ ಪಂಕ್ತಿಗಳು, ಎರಡು ಕನ್ಸೋಲುಗಳು.

ಈ ಸಂದರ್ಭದಲ್ಲಿ ರೋಸಾ ರಿಯೋ ಎಂಬ ಮಹಿಳೆಯ ಜೀವಿತವನ್ನು ಹೇಳದೆ ಮುಂದುವರಿಯಲು ಮನಸ್ಸು ಬಾರದು. ೧೯೦೨ರ ಜೂನಿನಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ ಹುಟ್ಟಿದ ಇವರು ಈಸ್ಟ್‌ಮನ್ ಶಾಲೆಯಲ್ಲಿ ಚಿತ್ರಮಂದಿರದ ಆರ್ಗನ್ ವಿದ್ಯೆಯನ್ನು ಕಲಿತು ಬ್ರುಕ್ಲಿನ್ನಿನ ದೊಡ್ಡ ಮಂದಿರಗಳಲ್ಲಿ ನುಡಿಸಿದರು. ವಾಕ್ಚಿತ್ರವು ಉದ್ಯೋಗವನ್ನು ಕಸಿದಾಗ ಅಳುತ್ತ ಕೂರಲಿಲ್ಲ; ರೇಡಿಯೋ ನಾಟಕಗಳಿಗೆ ಆರ್ಗನ್ ನುಡಿಸುವ ಕೆಲಸ ಹಿಡಿದರು. ‘ದಿ ಷ್ಯಾಡೋ’ ಎಂಬ ಪ್ರಸಿದ್ಧ ಧಾರಾವಾಹಿಯ ನಡುಕ ಹುಟ್ಟಿಸುವ ನಾದವು ಅವರ ಕೈಯದು. ಟೆಲಿವಿಷನ್ ಬಂದು ರೇಡಿಯೋ ನಾಟಕಗಳೂ ಹೋದ ಮೇಲೆ ಪಾಠ ಹೇಳಿದರು. ೧೯೮೦ರ ದಶಕದಲ್ಲಿ ಹಳೆಯ ಮೂಕಚಿತ್ರಗಳನ್ನು ವಿಡಿಯೋ ಸುರುಳಿಗಳಿಗೆ ಇಳಿಸಿದಾಗ ಬಹಳಷ್ಟು ಚಿತ್ರಗಳಿಗೆ ಸಂಗೀತವನ್ನು ಕೂಡಿಸಿದವರು ಅವರೇ. ಮುಪ್ಪಿನಲ್ಲಿ ಫ್ಲಾರಿಡಾದ ಟ್ಯಾಂಪ ನಗರಕ್ಕೆ ಬಂದು ನೆಲೆಸಿದರು. ಅಲ್ಲಿಯ ೧೯೨೬ರ ಚಿತ್ರಮಂದಿರದ ವುರ್ಲಿಟ್ಸರ್ ಒಮ್ಮೆ ಮಾರಾಟವಾಗಿ ಒಂದು ದೇವಾಲಯವನ್ನು ಸೇರಿದ್ದು, ಅಭಿಮಾನಿಗಳ ಶ್ರಮದಿಂದ ತನ್ನ ಹಳೆಯ ಮನೆಗೆ ಹಿಂದಿರುಗಿತ್ತು. ಆ ಕನ್ಸೋಲಿನಲ್ಲಿ ಕುಳಿತು ಅವರು ನೂರು ದಾಟಿದ ಮೇಲೆಯೂ ಮೂಕಚಿತ್ರಗಳಿಗೆ ನುಡಿಸಿದರು. ತಮ್ಮ ವಯಸ್ಸನ್ನು ಮಾತ್ರ ಬಹುಕಾಲ ಯಾರಿಗೂ ಹೇಳಿರಲಿಲ್ಲವಂತೆ! ೧೯೧೦ರ ದಶಕದ ಮೂಕಚಿತ್ರದ ರೂಢಿಯನ್ನು ಕಣ್ಣಾರೆ ಕಂಡ ಆ ಕೈಗಳು ೨೦೧೦ರ ಮೇ ತಿಂಗಳಿನಲ್ಲಿ ನಿಂತವು. ಆಗ ಅವರಿಗೆ ೧೦೭ ವರ್ಷ.

ಅವರೊಡನೆ ಒಂದು ತಲೆಮಾರು ಹೋಯಿತೆನ್ನಬೇಕು. ಈ ವಾದ್ಯವು ತನ್ನ ನಿಜವಾದ ಉದ್ಯೋಗದಲ್ಲಿದ್ದಾಗ ಅದನ್ನು ಕೇಳಿದವರು ಈಗ ಇಲ್ಲವೆಂಬಷ್ಟು ವಿರಳ. ಅವರಿಂದ ಕೇಳಿದವರು, ವಿರಾಮದ ಕಾಲದ ನಾದವನ್ನು ರೇಡಿಯೋದಲ್ಲಿ ಕೇಳಿದವರು, ಅವರೂ ವಯೋವೃದ್ಧರು. ನೆನಪಿನ ಬಲದಿಂದ ಸಂಘಗಳಿಗೆ ಬಂದ ಸದಸ್ಯರ ಸ್ಥಾನಕ್ಕೆ ನೆನಪಿಲ್ಲದ ತರುಣರು ಬರಬೇಕಾಗಿದೆ. ಧ್ವನಿಮುದ್ರಣಗಳಿವೆಯಲ್ಲ, ಅಷ್ಟೇ ಸಾಲದೇ ಎಂದು ಕೆಲವರು ಕೇಳಬಹುದು. ೧೬ ಅಡಿಯ ಕೊಳವೆಯು ಕುರ್ಚಿಯನ್ನು ನಡುಗಿಸುವುದನ್ನು ಯಾವ ಮುದ್ರಣವೂ ಮನೆಗೆ ತಂದುಕೊಡಲಾರದು. ಇಂದಿನ ವಿದ್ಯುತ್ ಆರ್ಗನ್ನುಗಳು ಅದರ ಛಾಯೆಯನ್ನು ಹಿಡಿಯುತ್ತವೆ. ಗಾಳಿಯು ಗೋಡೆಯ ಹಿಂದಿನಿಂದ ತುಂಬಿಬರುವ ಆ ಉಸಿರಾಟವನ್ನು ಹಿಡಿಯುವುದಿಲ್ಲ.

ಕೊಳವೆಗಳಾದರೋ ನೂರಾರು ವರ್ಷ ಬಾಳುವಂಥವು. ಮೊದಲು ಸಾಯುವುದು ತೊಗಲು. ಪ್ರತಿ ಕೊಳವೆಯ ಬಾಗಿಲ ಬಳಿಯಲ್ಲಿಯೂ, ಪ್ರತಿ ಸ್ಟಾಪಿನ ಹಿಂದೆಯೂ ಇರುವ ಕಿರುತಿದಿಗಳ ತೊಗಲು ಕೆಲವು ದಶಕಗಳಲ್ಲಿ ಒಣಗಿ ಬಿರಿಯುವುದು. ನಗರದ ಕೊಳಕು ಗಾಳಿಯಿದ್ದಲ್ಲಿ ಇನ್ನೂ ಬೇಗ. ಒಂದು ಬಿರಿದರೆ ಒಂದು ಸ್ವರವು ಮೂಕವಾಗುವುದು, ಅಥವಾ ನಿಲ್ಲದೆ ಕೂಗತೊಡಗುವುದು. ಮಧ್ಯಮಗಾತ್ರದ ವಾದ್ಯದಲ್ಲಿಯೂ ಇಂಥವು ಸಾವಿರಕ್ಕೆ ಕಡಮೆಯಿಲ್ಲ. ಬಹುಕಾಲ ನುಡಿಸದೆ ಬಿಟ್ಟ ವಾದ್ಯದಲ್ಲಿ ದೋಷಗಳು ಯಾರ ಕಿವಿಗೂ ಬೀಳದೆ ಬೆಳೆಯುವುವು. ವಾರವಾರವೂ ನುಡಿಯುವ ವಾದ್ಯದಲ್ಲಿ ಅವು ಮರುದಿನವೇ ಗೊತ್ತಾಗುವುವು. ಆದಕಾರಣ ಸಂಘಗಳವರು ರಜೆಯ ದಿನಗಳಲ್ಲಿ ಏಣಿ ಹತ್ತಿ ಕೋಣೆಗಳೊಳಗೆ ನುಸುಳಿ, ಹಳೆಯ ತೊಗಲನ್ನು ಕೆರೆದು, ಮೃದುವಾದ ಕುರಿಯ ತೊಗಲನ್ನು ಅಳತೆಗೆ ಕತ್ತರಿಸಿ, ಬಿಸಿ ಸರೇಸಿನಿಂದ ಒಂದೊಂದಾಗಿ ಅಂಟಿಸುತ್ತಾರೆ. ಶಾಲೆಯ ಉಪಾಧ್ಯಾಯರು, ರೈಲ್ವೆ ಗುಮಾಸ್ತರು, ದಾದಿಯರು, ನಿವೃತ್ತ ಇಂಜಿನಿಯರರು, ಇತ್ತೀಚೆಗೆ ಕೆಲವು ವಿದ್ಯಾರ್ಥಿಗಳು. ಹೊಸ ತೊಗಲು ಮೂವತ್ತು ನಲವತ್ತು ವರ್ಷ ತಾಳುವುದೆಂದು ಅವರ ಎಣಿಕೆ. ಆಮೇಲೆ ಅದನ್ನು ಮತ್ತೊಮ್ಮೆ ಬದಲಿಸುವವರು ತಾವಲ್ಲವೆಂಬುದು ಅವರಲ್ಲಿ ಅನೇಕರಿಗೆ ಗೊತ್ತು. ಪೆಟ್ಟಿಗೆಯ ಮುಚ್ಚಳವನ್ನು ತಿರುಪಿ ಬಿಗಿಯುವ ಮೊದಲು ಒಳಗಿನ ಹಲಗೆಯ ಮೇಲೆ ಸೀಸದ ಕಡ್ಡಿಯಿಂದ ತಮ್ಮ ಹೆಸರನ್ನೂ ತಾರೀಖನ್ನೂ ಬರೆದಿಡುವುದು ಆರ್ಗನ್ ಕೆಲಸಗಾರರಲ್ಲಿ ಹಳೆಯ ವಾಡಿಕೆ.